ಹತ್ತನೇ ತರಗತಿಗೂ ಆಟದ ಪಿರಿಯಡ್ ಬೇಕು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ನಮ್ಮ ಎಷ್ಟೋ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಮೊದಲು ಕಾಣೆಯಾಗುವುದು ಆಟದ ಪಿರಿಯಡ್. ಗಣಿತದ ಪಾಠ ಮುಗಿದಿಲ್ಲ, ವಿಜ್ಞಾನದ ಪುನರಾವರ್ತನೆ ಬಾಕಿಯಿದೆ ಎಂದು ಪಿ.ಟಿ. ಮೇಷ್ಟ್ರ ಅವಧಿಯನ್ನು ಬೇರೆಯವರು ತೆಗೆದುಕೊಳ್ಳುತ್ತಾರೆ. ಪೋಷಕರು ಅದನ್ನು ಶಾಲೆಯ ಶ್ರದ್ಧೆಯೆಂದೇ ಮೆಚ್ಚುತ್ತಾರೆ. ಆಟ ಬಿಟ್ಟರೆ ಅಂಕ ಏರುತ್ತದೆ ಎಂಬ ಈ ನಂಬಿಕೆಗೆ ಆಧಾರ ಬಹಳ ಕಡಿಮೆ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ತ್ರುವಾ ರಿವಿಯೇರ್ ಭಾಗದ ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮಕ್ಕಳಿಗೆ ವಾರಕ್ಕೆ 5 ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ಕೊಟ್ಟು, ಆ ಸಮಯವನ್ನು ಉಳಿದ ಪಾಠಗಳಿಂದಲೇ ಕಡಿತ ಮಾಡಿದರು. ಪಾಠ ಕಡಿಮೆಯಾದರೂ ಆ ಮಕ್ಕಳು ಓದಿನಲ್ಲಿ ಹಿಂದೆ ಬೀಳಲಿಲ್ಲ, ತುಸು ಮುಂದೆಯೇ ಇದ್ದರು. ಅದು ಚಿಕ್ಕ ಮಕ್ಕಳ ಮಾತು, ಬೋರ್ಡ್ ಪರೀಕ್ಷೆಯ ಒತ್ತಡವೇ ಬೇರೆ ಎನ್ನಬಹುದು. ಆದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಇಂಥ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ, ದೈಹಿಕ ಚಟುವಟಿಕೆಯಿಂದ ಕಲಿಕೆಗೆ ಒಳಿತಾದದ್ದು ಸುಮಾರು ಅರ್ಧದಷ್ಟು ಫಲಿತಾಂಶಗಳಲ್ಲಿ ಕಂಡಿತು. ಮಿಕ್ಕವುಗಳಲ್ಲಿ ಹೆಚ್ಚಿನವು ವ್ಯತ್ಯಾಸವನ್ನೇ ತೋರಲಿಲ್ಲ. ಹಾನಿ ಕಂಡದ್ದು ತೀರಾ ಅಪರೂಪ.

ಅಂಕಕ್ಕೆ ನಷ್ಟವಿಲ್ಲ ಎಂದಾದ ಮೇಲೆ ದೇಹಕ್ಕಾಗುವ ನಷ್ಟ ನೋಡಬೇಕು. ಮೂಳೆ ಗಟ್ಟಿಯಾಗುವ ಕೆಲಸದ ಬಹುಪಾಲು ಇಪ್ಪತ್ತರ ವಯಸ್ಸಿನೊಳಗೆ ಮುಗಿಯುತ್ತದೆ, ಅದರಲ್ಲೂ ಮೈನೆರೆಯುವ ಆಸುಪಾಸಿನ ವರ್ಷಗಳಲ್ಲಿ ಅದು ಅತಿ ವೇಗವಾಗಿ ಸಾಗುತ್ತದೆ. ಓಡಿದಾಗ, ಜಿಗಿದಾಗ ಬೀಳುವ ಭಾರಕ್ಕೆ ಮೂಳೆ ಸ್ಪಂದಿಸಿ ಬಲಗೊಳ್ಳುತ್ತದೆ. ಖೋ ಖೋ, ಕಬಡ್ಡಿ, ಹಗ್ಗದಾಟ ಮಾಡುವುದು ಇದನ್ನೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ, ವಾರದಲ್ಲಿ ಕನಿಷ್ಠ 3 ದಿನ ಮೂಳೆ ಮತ್ತು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೂ ಹೌದು. ಎಂಟರಿಂದ ಹತ್ತನೇ ತರಗತಿಯವರೆಗೆ ನಾವು ಕಸಿಯುತ್ತಿರುವುದು ಸರಿಯಾಗಿ ಆ ವರ್ಷಗಳನ್ನು. ಕಣ್ಣಿನ ಮಾತೂ ಇದೆ: ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟಾಗ, 3 ವರ್ಷಗಳಲ್ಲಿ ಸಮೀಪದೃಷ್ಟಿ ದೋಷ ಬಂದವರ ಪ್ರಮಾಣ ಶೇಕಡಾ 39.5ರ ಬದಲು 30.4 ಆಗಿತ್ತು.

ಆಟಕ್ಕೆ ತಾಲ್ಲೂಕು ಕ್ರೀಡಾಕೂಟ ಇದೆಯಲ್ಲ ಎನ್ನುವವರಿದ್ದಾರೆ. ಕ್ರೀಡಾಕೂಟಕ್ಕೆ ಹೋಗುವವರು ಆಯ್ಕೆಯಾದ ಕೆಲವರು. ವ್ಯಾಯಾಮದ ಅಗತ್ಯ ಹೆಚ್ಚಿರುವುದು ಆಯ್ಕೆಯಾಗದೆ ಅಂಚಿನಲ್ಲಿ ಕೂತವರಿಗೆ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಚಿಂತೆಯದ್ದು. 2016ರ ಅಂಕಿಅಂಶಗಳ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇಕಡಾ 85 ಮಂದಿಗೆ ಸಾಕಷ್ಟು ಚಟುವಟಿಕೆಯಿರಲಿಲ್ಲ. ಹುಡುಗರಲ್ಲಿ ಅದು 78. ಸಂಜೆ ಬೀದಿಯಲ್ಲಿ ಆಡಲು ಹುಡುಗನಿಗೆ ಸಿಗುವ ಬಿಡುವು ಅನೇಕ ಮನೆಗಳಲ್ಲಿ ಹುಡುಗಿಗೆ ಸಿಗದು. ಶಾಲೆಯ ಆ ಒಂದು ಅವಧಿ ಹೋದರೆ ಅವಳ ಪಾಲಿಗೆ ಬೇರೆ ಅವಧಿಯೇ ಇಲ್ಲ. ಅವಳು ಹಿಂಜರಿಯುವುದು ನಾಚಿಕೆಯಿಂದ ಎಂದು ಸುಮ್ಮನಾಗುವ ಮೊದಲು ಶೌಚಾಲಯದಲ್ಲಿ ನೀರಿದೆಯೇ, ಓಡಲು ಅನುಕೂಲವಾದ ಸಮವಸ್ತ್ರವಿದೆಯೇ ಎಂದು ಶಾಲೆ ನೋಡಬೇಕು.

ಮೈದಾನವಿಲ್ಲ, ದೈಹಿಕ ಶಿಕ್ಷಣ ಶಿಕ್ಷಕರಿಲ್ಲ ಎಂಬ ದೂರು ಮಾತ್ರ ನಿಜವಾದದ್ದು, ಅದನ್ನು ಸರ್ಕಾರವೇ ಸರಿಪಡಿಸಬೇಕು. ಅಲ್ಲಿಯವರೆಗೆ ಹಗ್ಗದಾಟಕ್ಕೂ ಕುಂಟೆಬಿಲ್ಲೆಗೂ ಪುಟ್ಟ ಅಂಗಳ ಸಾಕು. ಬಿಸಿಲು ಹೆಚ್ಚಿದ್ದರೆ ಬೆಳಗಿನ ಮೊದಲ ಅವಧಿಯನ್ನೇ ಆಟಕ್ಕೆ ಕೊಡಬಹುದು. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜತೆಗೆ, ಕಳೆದ ತಿಂಗಳು ಎಷ್ಟು ಆಟದ ಪಿರಿಯಡ್ ನಡೆದವು, ಎಷ್ಟು ಬೇರೆ ಪಾಠಕ್ಕೆ ಹೋದವು ಎಂದೂ ಕೇಳೋಣ.