ಮುಯ್ಯಿಯ ಲೆಕ್ಕ



ಗಣಿತಜ್ಞರ ‘ಕೈದಿಗಳ ಇಕ್ಕಟ್ಟು’ ಎಂಬುದೊಂದು ಸಮಸ್ಯೆಯುಂಟು. ಅಮೆರಿಕೆಯ ಆಲ್ಬರ್ಟ್ ಟಕ್ಕರ್ ಎಂಬ ಪಂಡಿತನು 1950ರಲ್ಲಿ ಅದಕ್ಕೆ ಕಥೆಯ ರೂಪವನ್ನು ಕೊಟ್ಟನು. ಕೂಡಿ ಅಪರಾಧಗೈದ ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿರಿಸಿ ವಿಚಾರಿಸುವರು. ಇಬ್ಬರೂ ಬಾಯ್ಬಿಡದಿದ್ದರೆ ಇಬ್ಬರಿಗೂ ಅಲ್ಪ ಶಿಕ್ಷೆ. ಒಬ್ಬನು ಮಾತ್ರ ಒಪ್ಪಿಕೊಂಡರೆ ಅವನಿಗೆ ಬಿಡುಗಡೆ, ಮತ್ತೊಬ್ಬನಿಗೆ ಘೋರ ಶಿಕ್ಷೆ. ಇಬ್ಬರೂ ಒಪ್ಪಿಕೊಂಡರೆ ಇಬ್ಬರಿಗೂ ಮಧ್ಯಮ ಶಿಕ್ಷೆ. ಮತ್ತೊಬ್ಬನು ಏನೇ ಮಾಡಲಿ, ಒಪ್ಪಿಕೊಳ್ಳುವುದೇ ತನಗೆ ಲಾಭವೆಂದು ಇಬ್ಬರೂ ಎಣಿಸುವರು. ಹಾಗೆ ಎಣಿಸಿಯೇ ಇಬ್ಬರೂ ಕೆಡುವರು.

ಸೆರೆಮನೆಯ ಈ ಗೊಡವೆ ಸಂಸಾರಿಗಳಾದ ನಮಗೇಕೆಂದು ನೀವು ಕೇಳಬಹುದು. ಆದರೆ ಬೇಸಾಯಗಾರರ ಮುಯ್ಯಾಳಿನ ಪದ್ಧತಿಯನ್ನು ನೆನೆಯಿರಿ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ತನ್ನ ನಾಟಿ ಮುಗಿದೊಡನೆ ಒಬ್ಬನು ಮನೆಯಲ್ಲಿ ಕುಳಿತರೆ ಅಂದಿನ ಮಟ್ಟಿಗೆ ಅವನಿಗೆ ಲಾಭವೇ. ಆದರೂ ಅವನು ಕುಳಿತುಕೊಳ್ಳನು. ಏಕೆಂದರೆ ಮುಂದಿನ ಮಳೆಗಾಲವೂ ಬರುವುದು. ಕೈದಿಗಳದು ಒಂದೇ ಸಲದ ಆಟ. ನೆರೆಹೊರೆಯವರದು ಬಾಳೆಲ್ಲ ಆಡಬೇಕಾದ ಆಟ.

ರಾಬರ್ಟ್ ಆಕ್ಸೆಲ್‌ರಾಡ್ ಎಂಬ ವಿದ್ವಾಂಸನು ಇದೇ ಆಟವನ್ನು ಮತ್ತೆ ಮತ್ತೆ ಆಡಿಸುವ ಎರಡು ಕಂಪ್ಯೂಟರ್ ಸ್ಪರ್ಧೆಗಳನ್ನು ಏರ್ಪಡಿಸಿ, 1980ರಲ್ಲಿ ಅವುಗಳ ಫಲವನ್ನು ಪ್ರಕಟಿಸಿದನು. ಮೊದಲನೆಯದಕ್ಕೆ 14, ಎರಡನೆಯದಕ್ಕೆ 62 ತಂತ್ರಗಳು ಬಂದಿದ್ದುವು. ಎರಡರಲ್ಲಿಯೂ ಗೆದ್ದುದು ಅನಟೋಲ್ ರಾಪೊಪೋರ್ಟ್ ಕಳುಹಿಸಿದ ಅತಿ ಸರಳವಾದ ತಂತ್ರ: ಮೊದಲು ಸಹಕರಿಸು, ಬಳಿಕ ಎದುರಿನವನು ಮಾಡಿದಂತೆಯೇ ಮಾಡು. ನಮ್ಮವರು ಇದನ್ನು ‘ಮುಯ್ಯಿಗೆ ಮುಯ್ಯಿ’ ಎನ್ನುವರು.

ಆದರೆ ಈ ತಂತ್ರಕ್ಕೂ ಒಂದು ಕೊರತೆಯುಂಟು. ಒಮ್ಮೆ ತಪ್ಪು ತಿಳಿವಳಿಕೆ ನುಸುಳಿತೆಂದರೆ ಏಟಿಗೆ ಎದುರೇಟು ಮುಗಿಯುವುದೇ ಇಲ್ಲ. ನಾನು ಬಲ್ಲ ಮನೆಯೊಂದರ ಮದುವೆಯಲ್ಲಿ ಎದುರುಮನೆಯವರು ಓದಿಸಿದ ಮುಯ್ಯಿಯನ್ನು ಬರೆದುಕೊಳ್ಳಲು ಮರೆತರು. ಲೆಕ್ಕದಲ್ಲಿ ಇಲ್ಲವೆಂದು, ಎದುರುಮನೆಯ ಮದುವೆಗೆ ಬರಿಗೈಯಲ್ಲಿ ಹೋದರು. ಅವರ ಮುಂದಿನ ಶುಭಕಾರ್ಯಕ್ಕೆ ಕರೆಯೇ ಬರಲಿಲ್ಲ. ಒಂಬತ್ತು ವರ್ಷ ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ನಡೆದರು. ಕಡೆಗೊಂದು ಯುಗಾದಿಯಂದು ಹಿರಿಯ ಸೊಸೆ ಬೇವುಬೆಲ್ಲದ ತಟ್ಟೆ ಹಿಡಿದು ಎದುರುಮನೆಯ ಹೊಸಿಲನ್ನು ದಾಟಿದಳು. ಅಲ್ಲಿಂದ ಹಿಂದಿರುಗುವಾಗ ಆ ತಟ್ಟೆ ಬರಿದಾಗಿರಲಿಲ್ಲ.

ಆದುದರಿಂದ ಮುಯ್ಯಿಯ ಲೆಕ್ಕವನ್ನು ಇಡುವವರು ಇಡಲಿ. ಲೆಕ್ಕ ತಪ್ಪಿದಾಗ ಮೊದಲು ಹೊಸಿಲು ದಾಟುವವರೂ ಮನೆಗೊಬ್ಬರಾದರೂ ಇರಲಿ.