ಅಪ್ಪು ಘರ್ ಇದ್ದ ನೆಲ

ದಿಲ್ಲಿಯ ಮಥುರಾ ರಸ್ತೆಯ ಬಳಿ ಮೆಟ್ರೋ ರೈಲಿನಿಂದ ಇಳಿಯುವವರಿಗೆ ಇಂದು ಕಾಣುವ ಫಲಕ ‘ಸುಪ್ರೀಂ ಕೋರ್ಟ್’. ಮೊದಲು ಆ ನಿಲ್ದಾಣಕ್ಕೆ ಪ್ರಗತಿ ಮೈದಾನವೆಂಬ ಹೆಸರಿತ್ತು. ಅದಕ್ಕೂ ಹಿಂದೆ, ರೈಲೇ ಇಲ್ಲದ ಕಾಲದಲ್ಲಿ, ಆ ಮಗ್ಗುಲಿನ ನೆಲವನ್ನು ರಾಜಧಾನಿಯ ಮಕ್ಕಳು ಅಪ್ಪು ಘರ್ ಎಂದೇ ಅರಿತಿದ್ದರು. 1984ರ ನವೆಂಬರ್ 19ರಂದು ಪ್ರಧಾನಿ ರಾಜೀವ ಗಾಂಧಿಯವರಿಂದ ಉದ್ಘಾಟನೆಗೊಂಡ ಆ ವಿಹಾರೋದ್ಯಾನವು 2008ರ ಫೆಬ್ರವರಿ 17ರಂದು ಬಾಗಿಲು ಹಾಕಿತು. ನೆಲವು ಸರ್ವೋಚ್ಚ ನ್ಯಾಯಾಲಯದ ವಿಸ್ತರಣೆಗೂ ಮೆಟ್ರೋ ಕಾಮಗಾರಿಗೂ ಸಂದಿತು.

ಈ ಹಳೆಯ ಸಂಗತಿಯನ್ನು ಈಗ ಎತ್ತುವುದೇಕೆಂದು ವಾಚಕರು ಕೇಳಬಹುದು. ಊರು ಬಿಟ್ಟು ಬಂದು ಒಂದು ಕೋಣೆಯ ಬಿಡಾರದಲ್ಲಿ ಸಂಸಾರ ಹೂಡಿರುವ ನಮ್ಮವರ ಮಕ್ಕಳಿಗೆ ಮನೆಯ ಮುಂದೆ ಅಂಗಳವಿಲ್ಲ. ಪಟ್ಟಣದ ಸಾರ್ವಜನಿಕ ನೆಲವೇ ಅವರ ಅಂಗಳ. ಆ ನೆಲವು ಯಾವ ಕರಾರಿನ ಮೇಲೆ ನಿಂತಿದೆಯೆಂಬುದನ್ನು ಅರಿಯುವ ಅಗತ್ಯ ಅವರಿಗಿರುವಷ್ಟು ಬಂಗಲೆಯಲ್ಲಿರುವವರಿಗಿಲ್ಲ.

ಉದ್ಯಾನಕ್ಕೆ ಹೆಸರು ಕೊಟ್ಟ ಅಪ್ಪು 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾದ ಆನೆಮರಿ. ಅದರ ಮೂಲರೂಪವಾದ ಗುರುವಾಯೂರಿನ ಕುಟ್ಟಿನಾರಾಯಣನು ಎಳೆಯದರಲ್ಲೇ ಕಾಲು ಮುರಿದುಕೊಂಡು, ಕುಂಟುತ್ತಲೇ ಬಾಳಿ, 2005ರಲ್ಲಿ ತೀರಿಕೊಂಡನು. ಲಾಂಛನಗಳ ಉತ್ತರಕಾಂಡವನ್ನು ಯಾರೂ ವಿಚಾರಿಸುವುದಿಲ್ಲ. ಅಪ್ಪು ಘರ್ ಧರ್ಮಛತ್ರವೇನೂ ಆಗಿರಲಿಲ್ಲ. ಖಾಸಗಿ ಕಂಪನಿಯೊಂದು ನಡೆಸುತ್ತಿದ್ದ, ಟಿಕೀಟು ಕೊಂಡು ಒಳಹೋಗಬೇಕಾದ ಸ್ಥಳ. ಆದರೂ ದೇಶದ ಮೊದಲ ವಿಹಾರೋದ್ಯಾನವೆಂದು ಹೆಸರಾಗಿ, ಒಂದು ತಲೆಮಾರಿನ ದಿಲ್ಲಿಯ ಮಕ್ಕಳಿಗೆ ರಜಾದಿನವೆಂದರೆ ಅದೇ ಆಗಿತ್ತು.

ಈಗ ಅಲ್ಲಿ ನಿಂತಿರುವುದು, 2019ರ ಜುಲೈ 17ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದ ನ್ಯಾಯಾಲಯದ ಹೆಚ್ಚುವರಿ ಕಟ್ಟಡಗಳ ಸಮುಚ್ಚಯ. ಹನ್ನೆರಡು ಎಕರೆಗೆ ಮಿಕ್ಕ ನಿವೇಶನ; ನೆಲದಡಿಯಲ್ಲಿ ಸಾವಿರಕ್ಕೂ ಹೆಚ್ಚು ಕಾರುಗಳು ನಿಲ್ಲುವ ಏರ್ಪಾಡು. ಮೊಕದ್ದಮೆಗಳು ಬೆಟ್ಟವಾಗಿರುವಾಗ ನ್ಯಾಯಾಲಯಕ್ಕೆ ಸ್ಥಳ ಬೇಡವೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ. ನಮ್ಮ ಪ್ರಶ್ನೆ ಬೇರೆ: ಮಕ್ಕಳ ಪರವಾಗಿ ವಾದಿಸಲು ಅಲ್ಲಿ ಕಾನೂನಿನ ಆಧಾರ ಏನಿತ್ತು? ಇದ್ದುದು ವಸ್ತುಪ್ರದರ್ಶನದ ಮೈದಾನ, ಅದರೊಂದು ಭಾಗ ಕರಾರಿನ ಮೇಲೆ ಕಂಪನಿಯ ಕೈಯಲ್ಲಿ. ತಕರಾರು ನಡೆದದ್ದು ನೆಲ ಕೊಟ್ಟವರಿಗೂ ಪಡೆದವರಿಗೂ ನಡುವೆ. ಆಡುತ್ತಿದ್ದವರು ಅದರಲ್ಲಿ ಕಕ್ಷಿಗಳೇ ಅಲ್ಲ.

ಇದೇ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ ಕೊಟ್ಟ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಕಾದಿರಿಸಿದ್ದ ನಿವೇಶನವನ್ನು ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ ಒಂದು ಟ್ರಸ್ಟಿನ ಖಾಸಗಿ ಶುಶ್ರೂಷಾಲಯಕ್ಕೆ ಮಂಜೂರು ಮಾಡಲಾಗಿತ್ತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆಸ್ಪತ್ರೆಯೂ ಜನೋಪಕಾರವಲ್ಲವೆ ಎಂಬ ವಾದ ಕೊನೆಗೂ ನಿಲ್ಲಲಿಲ್ಲ, ಮಂಜೂರಾತಿ ರದ್ದಾಯಿತು. ‘ಮುದ್ದಪ್ಪ ಮೊಕದ್ದಮೆ’ ಎಂದು ವಕೀಲರು ಇಂದಿಗೂ ಉದ್ಧರಿಸುವ ಈ ತೀರ್ಪಿನಲ್ಲಿ ನಿವಾಸಿಗಳ ಕೈಗೆ ಬಲ ಕೊಟ್ಟದ್ದು ಯೋಜನೆಯ ನಕ್ಷೆಯಲ್ಲಿದ್ದ ಆ ಒಂದು ಗುರುತು. ಅಪ್ಪು ಘರ್‌ಗೆ ಜನಪ್ರೀತಿಯಿತ್ತು, ಆ ಗುರುತಿರಲಿಲ್ಲ.

ಮುಂಬಯಿಯಲ್ಲಿಯೂ ಗೋರಾಯಿಯ ಎಸ್ಸೆಲ್‌ವರ್ಲ್ಡ್ 1989ರಲ್ಲಿ ಆರಂಭವಾಗಿ 2022ರಲ್ಲಿ ಮುಚ್ಚಿತು. ಖಾಸಗಿ ಉದ್ಯಮದ ಬಾಗಿಲನ್ನು ತೆರೆದಿಡೆಂದು ಗ್ರಾಹಕನು ಒತ್ತಾಯಿಸಲಾಗದು. ಆದರೆ ನಗರದ ಅಭಿವೃದ್ಧಿ ನಕ್ಷೆಯಲ್ಲಿ ಆಟದ ಮೈದಾನಕ್ಕೆಂದೂ ಉದ್ಯಾನಕ್ಕೆಂದೂ ಕಾದಿರಿಸಿದ ತುಂಡು ನೆಲಗಳ ವಿಷಯ ಹಾಗಲ್ಲ. ಅಂಥ ಮೀಸಲಾತಿಯನ್ನು ಬದಲಿಸಬೇಕಾದರೆ ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯಿದೆಯ 37ನೆಯ ಕಲಮಿನಂತೆ ಗೆಜೆಟಿನಲ್ಲಿ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಕರೆಯಬೇಕು. ಯಾವ ವ್ಯಕ್ತಿಯೇ ಆಗಲಿ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆತ ಸ್ವಂತ ಮನೆಯುಳ್ಳವನಾಗಿರಬೇಕಿಲ್ಲ, ಹೋಟೆಲಿನ ಮಾಳಿಗೆಯಲ್ಲಿ ಮಲಗುವವನಾದರೂ ಸರಿಯೆ.

ಹಗಲೆಲ್ಲ ಕಡತಗಳಲ್ಲಿ ಕಳೆಯುವ ನಮ್ಮ ಗುಮಾಸ್ತ ಬಂಧುಗಳಿಗೆ ಇಂಥ ಪ್ರಕಟಣೆಯನ್ನು ಓದಿ ಅರ್ಥಮಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ವಾರ್ಷಿಕೋತ್ಸವಕ್ಕೆ ತಿಂಗಳುಗಟ್ಟಲೆ ಸಿದ್ಧತೆ ನಡೆಸುವ ನಮ್ಮ ಸಂಘಗಳು ತಮ್ಮ ತಮ್ಮ ವಾರ್ಡಿನ ನಕ್ಷೆಯ ಪ್ರತಿಯೊಂದನ್ನು ತಂದು ವಾಚನಾಲಯದ ಗೋಡೆಗೆ ತೂಗುಹಾಕಲಿ. ಆಟದ ಮೈದಾನವೆಂದು ಬಣ್ಣ ಬಳಿದ ಚೌಕಗಳಲ್ಲಿ ಇಂದು ನಿಜವಾಗಿ ಏನಿದೆಯೆಂಬುದನ್ನು ಒಂದು ಭಾನುವಾರ ಹೋಗಿ ನೋಡಿ ಬರಬಹುದು.