ಮಾಳಿಗೆಯ ಮೇಲೆ ಮಲಗುವವರಿಗೂ ಪರದೆ ಬೇಕು

1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆ ಪರದೆಯೊಳಗೆ ಮಲಗಿದ್ದ. ಸೊಳ್ಳೆಗಳು ಹಾರಿಹೋಗದೆ ಅವನನ್ನೇ ಕಚ್ಚಲಿ ಎಂದು ಕಟ್ಟಿದ ಪರದೆ ಅದು. ಡಾ. ರೊನಾಲ್ಡ್ ರಾಸ್ ತಾವೇ ಸಾಕಿದ ಸೊಳ್ಳೆಗಳನ್ನು ಅದರೊಳಗೆ ಬಿಟ್ಟು, ಕಚ್ಚಿದ ಒಂದೊಂದು ಸೊಳ್ಳೆಗೂ ಅವನಿಗೆ ಒಂದೊಂದು ಆಣೆ ಕೊಟ್ಟರು. ಆ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಬೆಳೆಯುತ್ತಿರುವುದು ಆಗಸ್ಟ್ 20ರಂದು ಸೂಕ್ಷ್ಮದರ್ಶಕದಲ್ಲಿ ಕಂಡಿತು. ಇಂದಿಗೂ ಆ ದಿನವೇ ವಿಶ್ವ ಸೊಳ್ಳೆ ದಿನ. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು.

ರಾಸ್ ಪ್ರಯೋಗ ನಡೆಸುವ ಹೊತ್ತಿಗೆ ಸಿಕಂದರಾಬಾದಿನಿಂದ ವಾಡಿಗೆ ರೈಲು ಓಡಾಡಲು ಶುರುವಾಗಿ ಇಪ್ಪತ್ತು ವರ್ಷ ಮೀರಿತ್ತು. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಆ ಹಳಿ ತಾಂಡೂರು ದಾಟಿ ಕಲಬುರಗಿ ಜಿಲ್ಲೆಯ ಕುರಕುಂಟಾ, ಸೇಡಂ, ಮಳಖೇಡ ರೋಡ್, ಚಿತ್ತಾಪುರ ಹಾದು ವಾಡಿಗೆ ಬರುತ್ತದೆ. ಸೊಳ್ಳೆಯ ಗುಟ್ಟು ಬಯಲಾದ ಊರಿಗೂ ಕುರಕುಂಟಾಕ್ಕೂ ನಡುವೆ ಇರುವುದು ಕೆಲವು ತಾಸಿನ ರೈಲು ಹಾದಿ, ಅಷ್ಟೆ. ಆದರೂ ಸೂರಿಲ್ಲದ ಕಡೆ ಮಲಗುವವರ ತನಕ ಪರದೆ ಇನ್ನೂ ಬಂದು ತಲುಪಿಲ್ಲ.

ಈ ಭಾಗದಲ್ಲಿ ಹಾಗೆ ಮಲಗುವವರು ಎಷ್ಟು ಮಂದಿ ಎಂಬುದು ಮಾರ್ಚ್ ಕಳೆದ ಮೇಲೆ ಸೇಡಂ ಸೀಮೆಗೆ ಬಂದವರಿಗೆ ತಾನಾಗಿ ತಿಳಿಯುತ್ತದೆ. ಗೋಡೆಗೆ ಕಲ್ಲು, ನೆಲಕ್ಕೆ ಫರ್ಸಿ ಹಾಸುಗಲ್ಲು, ಎಷ್ಟೋ ಮನೆಗಳಿಗೆ ಮೇಲೆ ಹೊದೆಸಿದ್ದೂ ಫರ್ಸಿಯೇ. ಹಗಲಲ್ಲಿ 40 ಡಿಗ್ರಿ ದಾಟಿದ ಬಿಸಿಲನ್ನು ಕುಡಿದ ಆ ಕಲ್ಲು ನಡುರಾತ್ರಿಯವರೆಗೆ ಕಾವು ಉಗುಳುತ್ತಲೇ ಇರುತ್ತದೆ. ಕರೆಂಟ್ ಹೋದರಂತೂ ಒಳಗೆ ಕೂರುವುದೂ ಆಗದು. ಸಂಜೆ ಮಾಳಿಗೆಗೆ ನೀರು ಚೆಲ್ಲಿ, ಅದು ಆರಿದ ಮೇಲೆ ಕೌದಿ ಹಾಸಿ ಮನೆಮಂದಿಯೆಲ್ಲ ಮೇಲೇರುತ್ತಾರೆ. ಮುದುಕರಿಗೆ ಅಂಗಳದಲ್ಲಿ ಹೊರಸು. ಹೊಲ ಕಾಯುವವರಿಗೆ ಅಟ್ಟಣೆ. ಸಿಮೆಂಟ್ ಲೋಡಿಗಾಗಿ ವಾಡಿ, ಮಳಖೇಡದ ಸುತ್ತ ಸರದಿಯಲ್ಲಿ ನಿಂತ ಲಾರಿಗಳ ಕೆಳಗೆ ಕ್ಲೀನರ್ ಹುಡುಗರು ಚಾದರವನ್ನೋ ಹಗ್ಗದ ಬಲೆಯನ್ನೋ ಜೋಳಿಯಂತೆ ಬಿಗಿದು ತೂಗುತ್ತ ಮಲಗುತ್ತಾರೆ. ತೊಗರಿ ರಾಶಿಯ ಹೊತ್ತಿನಲ್ಲಿ ಬೇವಿನ ಮರದ ಕೊಂಬೆಗೆ ತಾಯಿ ಕಟ್ಟಿದ ಸೀರೆಯ ಜೋಳಿಯಲ್ಲಿ ಕೂಸು ಮಲಗಿರುತ್ತದೆ. ಪೇಟೆಯವರು ಹಣ ಕೊಟ್ಟು ತರಿಸುವ ಹ್ಯಾಮಕ್ ಎಂಬುದು ಈ ನೆಲದಲ್ಲಿ ಹಿಂದಿನಿಂದಲೂ ಇದೆ. ಅದರ ಸುತ್ತ ಇಳಿಬಿಡುವ ಪರದೆ ಮಾತ್ರ ಇಲ್ಲ.

ಸೊಳ್ಳೆ ಎಂದ ಕೂಡಲೇ ಈಗ ಎಲ್ಲರ ಬಾಯಲ್ಲಿ ಬರುವುದು ಡೆಂಗಿ. ಅದನ್ನು ತರುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ರಾತ್ರಿಯ ಪರದೆ ಅದಕ್ಕೆ ಪೂರ್ತಿ ಉತ್ತರವಾಗದು. ಹಗಲು ನಿದ್ದೆ ಮಾಡುವ ಕೂಸುಗಳಿಗೆ, ಹಾಸಿಗೆ ಹಿಡಿದವರಿಗೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಕಾರ್ಮಿಕರಿಗೆ ಮಾತ್ರ ಅದು ಡೆಂಗಿಯಿಂದಲೂ ಕಾಪು. ಕಲಬುರಗಿ ಜಿಲ್ಲೆಯ ಕಥೆ ಬೇರೆ. ಇದು ಆನೆಕಾಲು ರೋಗ ತಲೆಮಾರುಗಳಿಂದ ನೆಲೆಯೂರಿದ ಸೀಮೆ. ಆ ರೋಗದ ಹುಳುವನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವ ಕ್ಯೂಲೆಕ್ಸ್ ಸೊಳ್ಳೆ ಗಟಾರದ ಕೊಳಕು ನೀರಲ್ಲಿ ಹುಟ್ಟಿ, ಜನ ಮಲಗಿದ ಮೇಲೆ ಕಚ್ಚಲು ಬರುತ್ತದೆ. ಹುಳುವಿನ ಮರಿಗಳೂ ಸೊಳ್ಳೆಯ ವೇಳೆಗೇ ಹೊಂದಿಕೊಂಡಿವೆ. ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಇಳಿಯುತ್ತವೆ. ಆರೋಗ್ಯ ಇಲಾಖೆಯವರು ಆನೆಕಾಲು ಸಮೀಕ್ಷೆಗೆ ರಾತ್ರಿ ಹೊತ್ತು ಮನೆಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆಯುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ಒಂದೆರಡು ಸಲ ಕಚ್ಚಿಸಿಕೊಂಡ ಮಾತ್ರಕ್ಕೆ ಆನೆಕಾಲು ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನೂರಾರು ಬಾರಿ ಸೋಂಕಿನ ಸೊಳ್ಳೆ ಕಚ್ಚಿದ ಮೇಲೆ ಹುಳು ದೇಹದಲ್ಲಿ ಬೀಡು ಬಿಡುತ್ತದೆ. ಸೋಂಕು ಬಾಲ್ಯದಲ್ಲೇ ತಗಲಿದರೂ ಕಾಲು ಬಾಯುವುದು ಹರೆಯ ಕಳೆದ ಮೇಲೆ. ಆ ಹೊತ್ತಿಗೆ ಔಷಧ ಕೊಟ್ಟರೆ ಮರಿಹುಳು ಸಾಯುತ್ತವೆ, ಆದರೆ ದಪ್ಪಗಟ್ಟಿದ ಕಾಲು ಮೊದಲಿನಂತೆ ಆಗುವುದಿಲ್ಲ. ದಿನಾ ಸೋಪು ನೀರಲ್ಲಿ ತೊಳೆದು, ಬೆರಳ ಸಂದು ಒರೆಸಿ, ಗಾಯವಾಗದಂತೆ ನೋಡಿಕೊಳ್ಳುತ್ತ ಬಾಳಬೇಕು. ಮಗುವೊಂದು ಪರದೆಯಿಲ್ಲದೆ ಬಯಲಲ್ಲಿ ಕಳೆಯುವ ಒಂದೊಂದು ಬೇಸಿಗೆಯೂ ಈ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. 2027ರೊಳಗೆ ಆನೆಕಾಲು ನಿರ್ಮೂಲನೆ ಎಂದು ಕೇಂದ್ರ ಸರ್ಕಾರ ಗುರಿ ಇಟ್ಟುಕೊಂಡಿದೆ. ಮಾತ್ರೆ ನುಂಗಿಸುವ ಕೆಲಸ ನಡೆಯುತ್ತಿದೆ. ಆ ಮಾತ್ರೆಯ ಜೊತೆಗೆ ಪರದೆಯೂ ಬೇಕು ಎಂಬುದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ.

ಪರದೆಯ ಶಕ್ತಿಯ ಬಗ್ಗೆ ಅನುಮಾನ ಉಳಿದಿಲ್ಲ. 2000ದಿಂದ 2015ರವರೆಗೆ ಆಫ್ರಿಕಾ ಖಂಡದಲ್ಲಿ ತಪ್ಪಿಸಲಾದ ಮಲೇರಿಯಾ ಪ್ರಕರಣಗಳನ್ನು ಲೆಕ್ಕ ಹಾಕಿದ ವಿಜ್ಞಾನಿಗಳು, ಅದರಲ್ಲಿ 68 ಪ್ರತಿಶತ ಕೀಟನಾಶಕ ಲೇಪಿಸಿದ ಪರದೆಯ ಫಲ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ದುಬಾರಿ ಔಷಧಿಗಳೆಲ್ಲ ಇದರ ಹಿಂದೆ ನಿಂತವು.

ಹಾಗಿದ್ದರೂ ಸೇಡಂ, ಚಿಂಚೋಳಿ ಕಡೆಯ ಮನೆಗಳಲ್ಲಿ ಪರದೆಯ ಮಾತು ತೆಗೆದರೆ ಸಿಗುವ ಉತ್ತರ ಒಂದೇ: “ಮಚ್ಛರದಾನಿ ಕಟ್ಟಿದ್ರ ಗಾಳಿನೇ ಆಡಂಗಿಲ್ರಿ, ಕುದ್ದು ಹೋಗ್ತೀವಿ.” ಇದು ಸೋಮಾರಿತನದ ನೆವ ಎಂದು ತಳ್ಳಿಹಾಕುವವರು ಮೇ ತಿಂಗಳಲ್ಲಿ ಒಂದು ರಾತ್ರಿ ಫರ್ಸಿ ಮನೆಯೊಳಗೆ ಪರದೆ ಕಟ್ಟಿಕೊಂಡು ಮಲಗಬೇಕು. ಪರದೆ ಗಾಳಿಯನ್ನು ತಡೆಯುವುದು ನಿಜ. ಸರ್ಕಾರದಿಂದ ಬರುವ ಪರದೆ ನಾಲ್ಕು ಮೂಲೆಗೆ ಕುಣಿಕೆ ಇರುವ ಚೌಕದ್ದು. ನಾಲ್ಕು ಗೋಡೆಗೆ ನಾಲ್ಕು ಮೊಳೆ ಇರುವ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದದ್ದು. ಗಾಳಿ ಆಡುವ ಮಾಳಿಗೆಯಲ್ಲಿ ಅದನ್ನು ಕಟ್ಟಲು ಗೋಡೆಯೇ ಇಲ್ಲ. ಒಳಗೆ ಕಟ್ಟಿದರೆ ಸೆಕೆ, ಹೊರಗೆ ಕಟ್ಟಲು ಆಧಾರವಿಲ್ಲ. ಅದು ಟ್ರಂಕಿನ ತಳ ಸೇರುವುದು ಹೀಗೆ.

ಹೊರಗೆ ಮಲಗುವವರು ಆಗ ಸೊಳ್ಳೆ ಕಾಯಿಲ್ ಹಚ್ಚುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಂದು ಕಾಯಿಲ್ ಪೂರ್ತಿ ಉರಿದರೆ ಹೊಮ್ಮುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರ ಅಧ್ಯಯನವೊಂದು ಹೇಳಿದೆ. ಬಯಲಲ್ಲಿ ಆ ಹೊಗೆ ಗಾಳಿಗೆ ಚದುರಿ ಹೋಗುತ್ತದೆ, ಸೊಳ್ಳೆ ಉಳಿಯುತ್ತದೆ. ಗುಡ್‌ನೈಟ್‌ಗೆ ಪ್ಲಗ್ ಬೇಕು. ಬೇವಿನ ಸೊಪ್ಪಿನ ಹೊಗೆ ಮೊದಲ ನಿದ್ದೆಯವರೆಗೆ ಸಾಕು. ಇಡೀ ರಾತ್ರಿ ಎದ್ದು ಕಾಯುವುದು ಬಟ್ಟೆಯ ಗೋಡೆಯೊಂದೇ.

ಬಯಲ ಪರದೆಯ ವಿದ್ಯೆ ಏನು ಎಂಬುದನ್ನು ಕಾಡಲ್ಲಿ ಹ್ಯಾಮಕ್ ಕಟ್ಟುವವರಿಂದ ಕಲಿಯಬಹುದು. ಚಿಂಚೋಳಿ ತಾಲ್ಲೂಕಿನಲ್ಲಿ ಸುಮಾರು 135 ಚದರ ಕಿಲೋಮೀಟರ್ ಹರಡಿದ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು. ಒಣನೆಲದ ನಡುವೆ ಅಚ್ಚರಿಯಂತೆ ಉಳಿದ ಆ ಕಾಡು, ಚಂದ್ರಂಪಳ್ಳಿ ಜಲಾಶಯ, ಮಳೆಗಾಲದ ಎತ್ತಿಪೋತ ಜಲಪಾತ ನೋಡಲು ಕಲಬುರಗಿಯಿಂದಲೂ ಹೈದರಾಬಾದಿನಿಂದಲೂ ಜನ ಬರುತ್ತಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ರಾತ್ರಿ ತಂಗುವಂತಿಲ್ಲ, ತಂಗಲೂಬಾರದು. ಅನುಮತಿ ಇರುವ ಜಾಗದಲ್ಲಿ, ಇಲ್ಲವೇ ಸ್ವಂತ ಹೊಲದ ಮಾವಿನ ತೋಪಿನಲ್ಲಿ ಹ್ಯಾಮಕ್ ಕಟ್ಟಿದವರು ಮೊದಲ ರಾತ್ರಿಯೇ ಕಲಿಯುವ ಪಾಠ ಬೆನ್ನಿನದು. ಮೇಲಿನಿಂದ ಪರದೆ ಇಳಿಬಿಟ್ಟಿರುತ್ತಾರೆ. ಸೊಳ್ಳೆ ಕೆಳಗಿನಿಂದ ಬರುತ್ತದೆ. ತೆಳ್ಳನೆಯ ನೈಲಾನ್ ಬಟ್ಟೆ ಮೈಭಾರಕ್ಕೆ ಬಿಗಿದು ಬೆನ್ನಿಗೆ ಅಂಟಿಕೊಂಡಿರುವಾಗ ಸೊಳ್ಳೆಯ ಸೊಂಡಿಲು ಅದನ್ನು ಸಲೀಸಾಗಿ ದಾಟುತ್ತದೆ. ಬೆಳಗ್ಗೆ ಮುಖ ಸ್ವಚ್ಛ, ಬೆನ್ನು ತುಂಬ ಗಂದೆ.

ಅದಕ್ಕೇ ಹ್ಯಾಮಕ್ಕಿನ ಪರದೆ ಉದ್ದನೆಯ ಚೀಲದಂತೆ ಸುತ್ತಲೂ, ಕೆಳಗೂ ಇರಬೇಕು. ಎರಡು ಮರದ ನಡುವೆ, ಹ್ಯಾಮಕ್ಕಿನಿಂದ ಎರಡು ಮೊಳ ಮೇಲೆ, ಒಂದು ತೆಳು ಹಗ್ಗ ಬಿಗಿದು ಪರದೆಯನ್ನು ಅದಕ್ಕೆ ತೂಗುಹಾಕಿ, ಎರಡು ತುದಿಯನ್ನು ಲಾಡಿ ಎಳೆದಂತೆ ಎಳೆದು ಕಟ್ಟಬೇಕು. ಬಟ್ಟೆ ಮೈಗೆ ತಾಗಬಾರದು. ತಾಗಿದ ಕಡೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಬೆನ್ನಡಿ ಒಂದು ಕೌದಿ ಹಾಸಿದರೆ ಸೊಂಡಿಲು ಮೈ ಮುಟ್ಟದು. ಇರುವೆ ಇಳಿದು ಬರುವುದು ಹಗ್ಗದ ಮೇಲೆ, ಆದ್ದರಿಂದ ಮರದ ಹತ್ತಿರ ಬೇವಿನೆಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಹಗ್ಗಕ್ಕೆ ಸುತ್ತಬೇಕು. ಮಲಗುವ ಮುಂಚೆ ಟಾರ್ಚ್ ಹಿಡಿದು ಒಳಗೆ ಸಿಕ್ಕಿಕೊಂಡ ಸೊಳ್ಳೆಗಳನ್ನು ಹುಡುಕಬೇಕು. ಬೇಸರದ ಕೆಲಸ, ಆದರೆ ಬಿಟ್ಟರೆ ರಾತ್ರಿಯಿಡೀ ಹುಸೇನ್ ಖಾನನ ಪಾಡು. ಪರದೆ ಕೊಳ್ಳುವಾಗ ಚದರ ಇಂಚಿಗೆ 156 ಕಣ್ಣು ಇರುವುದು ಸಾಕು. ಅದಕ್ಕಿಂತ ದಟ್ಟವಾದರೆ ಗಾಳಿ ಕಡಿಮೆ.

ಲೇಪನದ ಪರದೆಯಾದರೆ ಎರಡು ಎಚ್ಚರಿಕೆ. ತೊಳೆದ ಮೇಲೆ ನೆರಳಲ್ಲಿ ಆರಿಸಬೇಕು, ಬಿಸಿಲು ಔಷಧವನ್ನು ಕೊಲ್ಲುತ್ತದೆ. ಮತ್ತು ಕಾಗಿಣಾ ಹೊಳೆಯಲ್ಲೋ ಕೆರೆಯಲ್ಲೋ ಅದನ್ನು ಜಾಲಿಸಬಾರದು. ಆ ಕೀಟನಾಶಕ ಮೀನಿಗೆ ವಿಷ.

ವಿಯೆಟ್ನಾಂ ಹ್ಯಾಮಕ್ಕಿನ ಪರದೆಯನ್ನು ಆಟಿಕೆಯ ವಿಷಯ ಎಂದುಕೊಳ್ಳಲಿಲ್ಲ. ಅಲ್ಲಿನ ನಿನ್ ಥುವಾನ್ ಪ್ರಾಂತ್ಯದಲ್ಲಿ ಕಾಡಿನ ಹೊಲಗಳಿಗೆ ಹೋಗಿ ರಾತ್ರಿ ಅಲ್ಲೇ ಹ್ಯಾಮಕ್‌ನಲ್ಲಿ ಮಲಗುವ ರೈತರಿಗೆ ಮನೆಯ ಪರದೆ ಪ್ರಯೋಜನಕ್ಕೆ ಬರುತ್ತಿರಲಿಲ್ಲ. 2004ರಿಂದ ಕೆಲವು ಊರುಗಳಿಗೆ ಕೀಟನಾಶಕ ಲೇಪಿಸಿದ ಪರದೆಯ ಹ್ಯಾಮಕ್‌ಗಳನ್ನು ಹಂಚಿ, ಹಂಚದ ಊರುಗಳ ಜೊತೆ ಹೋಲಿಸಿ ನೋಡಿದರು. ಹ್ಯಾಮಕ್ ಸಿಕ್ಕ ಊರುಗಳಲ್ಲಿ ಮಲೇರಿಯಾ ಹೆಚ್ಚು ಇಳಿಯಿತು. ಜನ ಎಲ್ಲಿ ಮಲಗುತ್ತಾರೆಂದು ಮೊದಲು ಕೇಳಿ, ಆಮೇಲೆ ಪರದೆ ಹೊಲಿಸಿದ್ದರಿಂದ ಬಂದ ಫಲ ಅದು.

ಕಲಬುರಗಿ ಜಿಲ್ಲೆಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಕೇಳಬೇಕಿದೆ. ಕೆಲಸ ನಿಂತು ನೀರು ತುಂಬಿಕೊಂಡ ಫರ್ಸಿ ಖಣಿಗಳು ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಎಲ್ಲೆಂದರಲ್ಲಿ ಬಾಯ್ದೆರೆದುಕೊಂಡಿವೆ. ಬೇಸಿಗೆಯ ಕಾಗಿಣಾ ಹೊಳೆ ಹರಿವು ನಿಂತು ಮಡುಗಳಾಗಿ ಒಡೆಯುತ್ತದೆ. ಊರೊಳಗೆ ತೆರೆದ ಗಟಾರ. ಮೊದಲು ಇವನ್ನು ಸರಿಪಡಿಸಿ, ಪರದೆ ಬರೀ ತೇಪೆ ಎನ್ನುವವರಿದ್ದಾರೆ. ಗಟಾರ ಮುಚ್ಚಲೇಬೇಕು, ಖಣಿಯ ನೀರಿಗೆ ಗಪ್ಪಿ ಮೀನು ಬಿಡಲೇಬೇಕು. ಆದರೆ ಅಂದಾಜು, ಟೆಂಡರು, ಬಿಲ್ಲು ಮುಗಿದು ಗಟಾರ ಮುಚ್ಚುವಷ್ಟರಲ್ಲಿ ಇಂದು ಮಾಳಿಗೆ ಮೇಲೆ ಮಲಗಿದ ಕೂಸು ಶಾಲೆ ಮುಗಿಸಿರುತ್ತದೆ. ಕೆಲವು ನೂರು ರೂಪಾಯಿಯ ಪರದೆ ಈ ರಾತ್ರಿಯೇ ಕೆಲಸ ಶುರು ಮಾಡುತ್ತದೆ.

ಅದು ತಡೆಯುವುದು ಸೊಳ್ಳೆಯನ್ನಷ್ಟೇ ಅಲ್ಲ. ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿದ ಪರದೆಯೊಳಗೆ ಮಲಗಿದವರಿಗೆ ಹಾವು ಕಚ್ಚುವುದು ತೀರ ಕಡಿಮೆ ಎಂಬುದನ್ನು 2007ರಲ್ಲಿ ಪ್ರಕಟವಾದ ನೇಪಾಳದ ಅಧ್ಯಯನ ತೋರಿಸಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಫರ್ಸಿಯ ಸಂದಿನಲ್ಲಿ ಚೇಳು ಮನೆ ಮಾಡುವ ಈ ಸೀಮೆಯಲ್ಲಿ ಅಂಚು ಸಿಕ್ಕಿಸಿದ ಪರದೆಗೆ ಬೇರೆಯೇ ಬೆಲೆ ಇದೆ.

ಆಗಬೇಕಾದ್ದು ದೊಡ್ಡ ಯೋಜನೆಯೇನಲ್ಲ. ಗೋಡೆ ಬೇಡದ, ಕೊಡೆಯಂತೆ ಬಿಚ್ಚಿಟ್ಟರೆ ತಾನೇ ನಿಲ್ಲುವ, ತಳವೂ ಇರುವ ಪರದೆ ಈಗ ಪೇಟೆಯಲ್ಲಿ ಸಿಗುತ್ತದೆ. ಹೊರಸಿನ ನಾಲ್ಕು ಕಾಲಿಗೆ ಬಿದಿರು ಕೋಲು ಕಟ್ಟಿ ಚೌಕದ ಪರದೆಯನ್ನೂ ನಿಲ್ಲಿಸಬಹುದು, ಅಂಚಿಗೆ ಮರಳು ತುಂಬಿದ ಬಟ್ಟೆಯ ಕೊಳವೆ ಹೊಲಿದರೆ ಮಾಳಿಗೆಯ ಗಾಳಿಗೂ ಹಾರುವುದಿಲ್ಲ. ಸ್ತ್ರೀಶಕ್ತಿ ಸಂಘಗಳ ಹೊಲಿಗೆ ಯಂತ್ರಗಳಿಗೆ ಇದು ಒಳ್ಳೆಯ ಕೆಲಸವಾದೀತು. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಸುರಿಯುವ ಹಣದಲ್ಲಿ ಚೂರುಪಾರು ಇದಕ್ಕೆ ತೆಗೆದಿಡಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡುವ ಕಿಟ್‌ಗಳ ಜೊತೆ ಒಂದು ಪರದೆಯೂ ಇರಲಿ; ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರು ಮಲಗುವುದೂ ಬಯಲಲ್ಲೇ. ಸಿಮೆಂಟ್ ಕಾರ್ಖಾನೆಗಳು ತಮ್ಮ ಸಾಮಾಜಿಕ ಹೊಣೆಯ ಹಣದಲ್ಲಿ ಲಾರಿ ನಿಲ್ಲುವ ಜಾಗದಲ್ಲಿ ಕ್ಲೀನರ್ ಹುಡುಗರಿಗೆ ತಳವಿರುವ ಜೋಳಿ ಪರದೆ ಕೊಡಲಿ.

ಇದಕ್ಕೆ ಮೊದಲು ಬೇಕಾದದ್ದು ಲೆಕ್ಕ. ಆನೆಕಾಲು ಮಾತ್ರೆ ಹಂಚಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಎದುರಿಗೇ ನುಂಗಿಸಿ, ಹೆಸರು ಬರೆದುಕೊಳ್ಳುತ್ತಾರೆ. ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿ, ಬೇಸಿಗೆಯಲ್ಲಿ ಈ ಮನೆಯ ಎಷ್ಟು ಮಂದಿ ಹೊರಗೆ ಮಲಗುತ್ತಾರೆ, ಮಾಳಿಗೆ ಮೇಲೋ ಹೊರಸಿನಲ್ಲೋ ಹೊಲದಲ್ಲೋ ಎಂದು ಬರೆಸಿಕೊಂಡರೆ ಕುರಕುಂಟಾದಂಥ ಒಂದು ಪಂಚಾಯಿತಿಗೆ ಎಂತಹ ಪರದೆ ಎಷ್ಟು ಬೇಕೆಂಬ ಅಂಕಿ ಜಿಲ್ಲಾ ಕಚೇರಿಯ ಕೈಗೆ ಬರುತ್ತದೆ. ಜನ ಮಾಳಿಗೆ ಏರುವುದು ಮಾರ್ಚ್ ಕೊನೆಗೆ. ಅಷ್ಟರೊಳಗೆ ಪರದೆ ಊರು ತಲುಪಬೇಕಾದರೆ ಖರೀದಿಯ ಕಡತ ಹಿಂಗಾರಿನ ಜೋಳ ಬಿತ್ತುವ ಹೊತ್ತಿಗೇ ಹೊರಡಬೇಕು.